ಮಗಳಿಗೆ ಒಂಬತ್ತು ತುಂಬಿದಾಗ ಎದ್ದು ಬಂದ ನೆನಪು

ಈ ಸಲ ಮೂರೇ ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಮೂರೂ ಒಂದೇ ನೋವಿನ ಸುತ್ತ ಬರೆದವು. ಬರೆದವರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪ್ರಶ್ನೆ: ಮೇಡಂ, ನನಗೆ ಮೂವತ್ತೈದು ವರ್ಷ. ದಾವಣಗೆರೆಯಲ್ಲಿದ್ದೇವೆ. ನಮ್ಮ ಯಜಮಾನರು ಎಪಿಎಂಸಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಮೂರನೆಯ ತರಗತಿ ಮುಗಿಸಿದ ಬೇಸಿಗೆ ರಜೆಯಲ್ಲಿ, ಚಳ್ಳಕೆರೆ ತಾಲ್ಲೂಕಿನ ಅಜ್ಜಿಯ ಊರಿನಲ್ಲಿ, ಶೇಂಗಾ ಚೀಲಗಳನ್ನು ಒಟ್ಟಿದ್ದ ಕೋಣೆಯಲ್ಲಿ ನನ್ನ ಸೋದರಮಾವ ನನ್ನೊಂದಿಗೆ ಮಾಡಬಾರದ್ದನ್ನು ಮಾಡಿದರು. ಒಂದು ಸಲವಲ್ಲ. ಅದನ್ನು ಮರೆತಿದ್ದೆ ಎನ್ನಲಾರೆ. ಆ ಕಡೆ ನೋಡುತ್ತಿರಲಿಲ್ಲ, ಅಷ್ಟೆ. ನನ್ನ ಮದುವೆಯಲ್ಲಿ ತೋಳು ಹಿಡಿದು ಮಂಟಪಕ್ಕೆ ಕರೆತಂದವರೂ ಅವರೇ, ಆ ದಿನ ನನಗೆ ಏನೂ ಅನ್ನಿಸಲಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ನಮ್ಮವರು ಅರ್ಧ ಚೀಲ ಶೇಂಗಾ ತಂದರು. ಒಂಬತ್ತು ವರ್ಷದ ಮಗಳು ಚೀಲದ ಪಕ್ಕ ಕುಳಿತು ಕಾಯಿ ಸುಲಿಯುತ್ತಿದ್ದಳು. ಆ ಗೋಣಿ, ಆ ಒಣಮಣ್ಣಿನ ವಾಸನೆ ಮೂಗಿಗೆ ಬಡಿದದ್ದಷ್ಟೇ ಗೊತ್ತು. ಹಾಲು ಉಕ್ಕಿ ಒಲೆ ಆರಿಹೋಗಿತ್ತಂತೆ, ಮಗಳು ಸೆರಗು ಜಗ್ಗುವವರೆಗೂ ನಾನು ನಿಂತಲ್ಲೇ ನಿಂತಿದ್ದೆ. ಅಂದಿನಿಂದ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಗಂಟಲು ಕಟ್ಟುತ್ತದೆ. ಯಜಮಾನರು ಹಿಂದಿನಿಂದ ಬಂದು ಹೆಗಲು ಮುಟ್ಟಿದರೂ ಬೆಚ್ಚುತ್ತೇನೆ. ಮಗಳನ್ನು ಟ್ಯೂಷನ್‌ಗೂ ಕಳಿಸಲು ಆಗುತ್ತಿಲ್ಲ. ಅಮ್ಮನಿಗೆ ಹೇಳಿದೆ. ‘ಆಗಿಹೋದದ್ದನ್ನು ಕೆದಕಿ ನನ್ನ ತವರಿನ ಬಾಗಿಲು ಮುಚ್ಚಿಸಬೇಡ’ ಎಂದರು. ಮುಂದಿನ ತಿಂಗಳು ಆ ಮಾವನ ಮಗನ ಮದುವೆ. ಹೋದರೆ ಅವರ ಕಾಲಿಗೆ ನಮಸ್ಕರಿಸಬೇಕು. ಇಷ್ಟು ವರ್ಷ ಸುಮ್ಮನಿದ್ದದ್ದು ಈಗೇಕೆ ಬಂತು? ನನಗೆ ಹುಚ್ಚು ಹಿಡಿಯುತ್ತಿದೆಯೇ? ಅಥವಾ ಇದೆಲ್ಲ ನನ್ನ ಭ್ರಮೆಯೇ?

ಉತ್ತರ: ಸಹೋದರಿ, ಮೊದಲು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದರ ಭಯವೇ ಉಳಿದೆಲ್ಲವನ್ನೂ ದೊಡ್ಡದು ಮಾಡುತ್ತಿದೆ. ನಿಮಗೆ ಹುಚ್ಚು ಹಿಡಿಯುತ್ತಿಲ್ಲ. ನೀವು ಬರೆದ ನಿದ್ದೆಗೇಡು, ಬೆಚ್ಚುವಿಕೆ, ನಿಂತಲ್ಲೇ ಹಿಂದಿನ ಕಾಲಕ್ಕೆ ಜಾರಿಹೋಗುವುದು, ಮಗುವನ್ನು ಕಣ್ಣಳತೆಯಿಂದ ಆಚೆ ಬಿಡಲಾಗದಿರುವುದು, ಇವೆಲ್ಲ ದೊಡ್ಡ ಆಘಾತವನ್ನು ಕಂಡ ಮನಸ್ಸಿನಲ್ಲಿ ಕಾಣಿಸಿಕೊಳ್ಳುವ ಗುರುತಿಸಬಲ್ಲ ಲಕ್ಷಣಗಳು. ವೈದ್ಯಶಾಸ್ತ್ರ ಇವುಗಳಿಗೆ 1980ರಲ್ಲಿಯೇ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಪ್ರತ್ಯೇಕ ಹೆಸರು ಕೊಟ್ಟಿದೆ. ನಿಮ್ಮದು ಆ ಕಾಯಿಲೆಯೇ ಅಲ್ಲವೇ ಎಂಬುದನ್ನು ಎದುರು ಕುಳಿತು ಮಾತನಾಡಿಸಿದ ವೈದ್ಯರು ಹೇಳಬೇಕು, ಪತ್ರ ಓದಿ ನಾನು ಹೇಳುವುದು ಸರಿಯಲ್ಲ. ಆದರೆ ಚಿಕಿತ್ಸೆಗೆ ಒಗ್ಗುವ ತೊಂದರೆ ಇದು ಎಂದು ಧೈರ್ಯವಾಗಿ ಹೇಳಬಲ್ಲೆ.

ಈಗೇಕೆ ಬಂತು ಎಂಬುದಕ್ಕೆ ನಿಮ್ಮ ಪತ್ರದಲ್ಲಿಯೇ ಉತ್ತರವಿದೆ. ಆ ಬೇಸಿಗೆಯಲ್ಲಿ ನೀವು ಎಷ್ಟು ದೊಡ್ಡವರಿದ್ದಿರೋ ಈಗ ನಿಮ್ಮ ಮಗಳು ಅಷ್ಟೇ ದೊಡ್ಡವಳು. ನನ್ನ ಬಳಿ ಬರುವ ಅನೇಕ ತಾಯಂದಿರಲ್ಲಿ ಇದನ್ನು ಕಂಡಿದ್ದೇನೆ: ಮಗು ಆ ವಯಸ್ಸಿಗೆ ಬಂದು ನಿಂತಾಗ, ಅಷ್ಟು ಚಿಕ್ಕ ಕೈ, ಅಷ್ಟು ಚಿಕ್ಕ ಹೆಗಲು ಕಣ್ಣೆದುರು ಕಂಡಾಗ, ತಾನೂ ಇಷ್ಟೇ ಇದ್ದೆನಲ್ಲ ಎಂಬುದು ಮೊದಲ ಬಾರಿಗೆ ಅರಿವಾಗುತ್ತದೆ. ಅಲ್ಲಿಯವರೆಗೆ ‘ನಾನೇ ಕೂಗಬಹುದಿತ್ತು, ಓಡಬಹುದಿತ್ತು’ ಎಂದು ತಮ್ಮನ್ನೇ ದೂರಿಕೊಂಡವರಿಗೆ ಆಗ ಆ ದೂರು ಎಷ್ಟು ಅನ್ಯಾಯದ್ದೆಂದು ತಿಳಿಯುತ್ತದೆ, ಅದರ ಜೊತೆಗೇ ನೋವೂ ಎದ್ದು ಬರುತ್ತದೆ. ಮದುವೆ, ಹೆರಿಗೆ, ಆ ವ್ಯಕ್ತಿಯ ಸಾವು, ಊರಿಗೆ ಮರಳುವುದು, ಟಿವಿಯಲ್ಲಿ ಬಂದ ಒಂದು ಸುದ್ದಿ ಕೂಡ ಹೀಗೆ ಬೂದಿ ಮುಚ್ಚಿದ ಕೆಂಡವನ್ನು ಕೆದಕಬಲ್ಲವು.

ಇನ್ನು ಆ ಗೋಣಿಚೀಲ. ವಾಸನೆಗೆ ಮಿದುಳಿನಲ್ಲಿ ಬೇರೆ ಇಂದ್ರಿಯಗಳಿಗಿಂತ ಹತ್ತಿರದ ದಾರಿಯಿದೆ, ಭಯವನ್ನು ಕಾಯುವ ಭಾಗಕ್ಕೂ ನೆನಪನ್ನು ಜೋಡಿಸುವ ಭಾಗಕ್ಕೂ ಅದು ಬೇಗ ಮುಟ್ಟುತ್ತದೆ. ತೀರಾ ಹೆದರಿದ ಹೊತ್ತಿನಲ್ಲಿ ಮಿದುಳು ಘಟನೆಯನ್ನು ‘ಇಂಥ ದಿನ, ಇಂಥ ಊರು, ಮುಗಿಯಿತು’ ಎಂದು ಕ್ರಮವಾಗಿ ಬರೆದಿಡುವುದಿಲ್ಲ. ವಾಸನೆ, ಬೆಳಕು, ಮೈಯ ಬಿಗಿತ ಹೀಗೆ ಬಿಡಿಬಿಡಿಯಾಗಿ ಉಳಿಸಿಕೊಳ್ಳುತ್ತದೆ. ಆದ್ದರಿಂದಲೇ ಅದರಲ್ಲೊಂದು ತುಣುಕು ಎದುರಾದಾಗ ಹಳೆಯ ಸಂಗತಿ ನೆನಪಾಯಿತು ಎನ್ನಿಸುವುದಿಲ್ಲ, ಈಗಲೇ ನಡೆಯುತ್ತಿದೆ ಎನ್ನಿಸುತ್ತದೆ. ಮದುವೆಯ ದಿನ ಏನೂ ಅನ್ನಿಸದಿದ್ದುದೂ ಇದೇ ಮನಸ್ಸಿನ ಇನ್ನೊಂದು ಕೆಲಸ. ತಪ್ಪಿಸಿಕೊಳ್ಳಲಾಗದ ಕಡೆ ಮೈ ಮರಗಟ್ಟುತ್ತದೆ, ಮನಸ್ಸು ದೂರ ಸರಿದು ನಿಲ್ಲುತ್ತದೆ. ನೂರಾರು ಜನರ ನಡುವೆ, ಆ ಕೈ ತೋಳು ಹಿಡಿದಿರುವಾಗ, ನೀವು ಬೇರೆ ಹೇಗೆ ನಿಂತಿರಲು ಸಾಧ್ಯವಿತ್ತು? ಅಂದು ಏನೂ ಅನ್ನಿಸಲಿಲ್ಲ ಎಂಬುದನ್ನು ಏನೂ ನಡೆದಿಲ್ಲ ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ.

ಭ್ರಮೆಯೇ ಎಂದು ಕೇಳಿದ್ದೀರಿ, ಇದಕ್ಕೆ ಪ್ರಾಮಾಣಿಕವಾದ ಉತ್ತರ ಸ್ವಲ್ಪ ಉದ್ದವಾಗುತ್ತದೆ. ನೆನಪು ಎಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೊ ಅಲ್ಲ. ಕೋಣೆಯ ಬಾಗಿಲು ಯಾವ ಕಡೆಗಿತ್ತು, ಅಂದು ಯಾವ ವಾರ, ಎಷ್ಟು ಸಲ ಎಂಬಂಥ ವಿವರಗಳು ಯಾರಿಗಾದರೂ ಮಸುಕಾಗುತ್ತವೆ, ಕೆಲವೊಮ್ಮೆ ಅದಲುಬದಲಾಗುತ್ತವೆ. ಹಾಗೆಂದು ಮುಖ್ಯವಾದದ್ದು ಸುಳ್ಳಾಗುವುದಿಲ್ಲ. ನೀವಂತೂ ಮರೆತೇ ಇರಲಿಲ್ಲ, ಆ ಕಡೆ ನೋಡದೆ ಬದುಕಿದಿರಿ. ಅದನ್ನು ಅನುಮಾನಿಸಲು ನನಗೆ ಕಾರಣವಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕಾಗಿದೆ. ‘ಸಂಮೋಹನದಿಂದ ಎಲ್ಲವನ್ನೂ ಹೊರತೆಗೆಯುತ್ತೇವೆ, ಇನ್ನೂ ಏನೇನು ಅಡಗಿದೆಯೋ ನೋಡೋಣ’ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಪದೇ ಪದೇ ಸೂಚಿಸಿ ಕೇಳುವುದರಿಂದ ನಡೆಯದ ಸಂಗತಿಯೂ ನಡೆದಂತೆ ಮನಸ್ಸಿನಲ್ಲಿ ಮೂಡಬಹುದು ಎಂಬುದು 1990ರ ದಶಕದ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಒಳ್ಳೆಯ ಸಮಾಲೋಚಕರು ನಿಮ್ಮ ಬಾಯಿಗೆ ಮಾತು ಹಾಕುವುದಿಲ್ಲ, ಅವಸರಿಸುವುದಿಲ್ಲ, ಮೊದಲ ಭೇಟಿಯಲ್ಲೇ ಇಡೀ ಕಥೆ ಹೇಳಿ ಎನ್ನುವುದೂ ಇಲ್ಲ. ಗುಣವಾಗಲು ಎಲ್ಲವನ್ನೂ ನೆನಪಿಸಿಕೊಳ್ಳಲೇಬೇಕು ಎಂಬ ನಿಯಮವಿಲ್ಲ. ನೆನಪಾದಷ್ಟರ ನೋವು ಇಳಿದರೆ ಸಾಕು.

ಈಗ ಮನೆಯಲ್ಲಿಯೇ ಮಾಡಬಹುದಾದದ್ದು. ಆ ಅಲೆ ಏಳುತ್ತಿದೆ ಎನ್ನಿಸಿದೊಡನೆ ಮೊದಲು ಗ್ಯಾಸ್ ಒಲೆ ಆರಿಸಿ. ಬರಿಗಾಲನ್ನು ನೆಲಕ್ಕೆ ಊರಿ ನಿಂತು ನೆಲದ ತಂಪನ್ನು ಅಂಗಾಲಿನಲ್ಲಿ ಗಮನಿಸಿ. ನಲ್ಲಿ ತಿರುಗಿಸಿ ಮಣಿಕಟ್ಟಿನ ಮೇಲೆ ತಣ್ಣೀರು ಬಿಟ್ಟುಕೊಳ್ಳಿ. ಆಮೇಲೆ ಬಾಯಿಬಿಟ್ಟು, ನಿಮಗೇ ಕೇಳಿಸುವಂತೆ ಹೇಳಿಕೊಳ್ಳಿ: ‘ನನಗೆ ಮೂವತ್ತೈದು ವರ್ಷ. ಇದು ದಾವಣಗೆರೆ, ಇದು ನನ್ನ ಅಡುಗೆಮನೆ. ಇವತ್ತು ಬುಧವಾರ. ಈ ಮನೆಯ ಚಿಲಕ ನನ್ನ ಕೈಯಲ್ಲಿದೆ.’ ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿ: ಕುಕ್ಕರು, ಒಗ್ಗರಣೆ ಸೌಟು, ಗೋಡೆಯ ಕ್ಯಾಲೆಂಡರು, ಮಗಳ ನೀರಿನ ಬಾಟಲಿ, ಮಣೆ. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಕೇಳಲು ಇದು ತೀರಾ ಸಣ್ಣದೆನ್ನಿಸಬಹುದು. ಆದರೆ ಆ ಹೊತ್ತಿನಲ್ಲಿ ಮಿದುಳು ಕಳೆದುಕೊಂಡಿರುವುದು ಇಂದು, ಇಲ್ಲಿ ಎಂಬ ಅರಿವನ್ನೇ, ಆದ್ದರಿಂದ ಮೊದಲು ಅದನ್ನು ಕೊಡಬೇಕು. ನೆಮ್ಮದಿಯಾಗಿರುವಾಗ ದಿನಕ್ಕೆರಡು ಸಲ ಇದನ್ನು ರೂಢಿ ಮಾಡಿಕೊಂಡರೆ ಬೇಕಾದಾಗ ಕೈಗೆ ಬರುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮಲಗಿಕೊಂಡೇ ಹೋರಾಡಬೇಡಿ. ಎದ್ದು ದೀಪ ಹಾಕಿ, ನೀರು ಕುಡಿದು, ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಿ. ಆ ಚೀಲವನ್ನು ಸದ್ಯಕ್ಕೆ ಯಾರಿಗಾದರೂ ಕೊಟ್ಟುಬಿಡಿ, ಇದರಲ್ಲಿ ಸೋಲೇನೂ ಇಲ್ಲ. ವಾಸನೆಯನ್ನು ಎದುರಿಸುವ ಕೆಲಸವನ್ನು ಮುಂದೆ, ತಿಳಿದವರ ಜೊತೆಯಲ್ಲಿ ಮಾಡುವಿರಂತೆ. ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ನಿದ್ದೆಮಾತ್ರೆ ತರಿಸಿಕೊಳ್ಳುವುದು ಬೇಡ. ಆ ಮಾತ್ರೆಗಳು ಬೇಗ ಅಭ್ಯಾಸವಾಗುತ್ತವೆ, ಈ ತೊಂದರೆಯ ಮೂಲಕ್ಕೆ ಮುಟ್ಟುವುದೂ ಇಲ್ಲ.

ಇಷ್ಟರಿಂದಲೇ ಮುಗಿಯುತ್ತದೆ ಎಂದು ನಾನು ಹೇಳುವುದಿಲ್ಲ. ದೀಪಾವಳಿಯಿಂದ ಇಲ್ಲಿಯವರೆಗೆ ನಿದ್ದೆಯಿಲ್ಲ ಎಂದರೆ ಚಿಕಿತ್ಸೆ ಬೇಕು. ಇವತ್ತೇ ಯಾರೊಂದಿಗಾದರೂ ಮಾತನಾಡಬೇಕೆನ್ನಿಸಿದರೆ 14416 ಸಂಖ್ಯೆಗೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ ಇದು. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮುಖತಃ ಕಾಣಲು ನಮ್ಮ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. (ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿ ನಡೆಸಿದ ಕೆಲಸವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ಜನ ಮಾತ್ರ ಇಂದಿಗೂ ಆ ವಿಭಾಗದ ಮುಂದೆ ಮುಖ ಮುಚ್ಚಿಕೊಂಡು ಕೂರುತ್ತಾರೆ ಎಂಬುದು ನನ್ನನ್ನು ನೋಯಿಸುತ್ತದೆ.) ಚೀಟಿ ಮಾಡಿಸುವಲ್ಲಿ ಕಾರಣ ವಿವರಿಸಬೇಕಾಗಿಲ್ಲ, ‘ನಿದ್ದೆ ಬರುತ್ತಿಲ್ಲ’ ಎಂದರೆ ಸಾಕು. ಒಳಗೆ ವೈದ್ಯರಿಗೆ ‘ಚಿಕ್ಕಂದಿನಲ್ಲಿ ಆದ ದೌರ್ಜನ್ಯದ ನೆನಪುಗಳು ಕಾಡುತ್ತಿವೆ’ ಎಂಬ ಒಂದು ವಾಕ್ಯ ಹೇಳಿ. ಅದನ್ನೂ ಹೇಳಲಾಗದಿದ್ದರೆ ಕಾಗದದಲ್ಲಿ ಬರೆದು ಕೈಗೆ ಕೊಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನಿಮ್ಮ ವಿಷಯವನ್ನು ಗುಟ್ಟಾಗಿಡಬೇಕಾದದ್ದು ಅವರ ಹೊಣೆ. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆಗಳು ಈ ತೊಂದರೆಯಲ್ಲಿ ಚೆನ್ನಾಗಿ ಫಲ ಕೊಡುತ್ತವೆ. ಕೆಲವರಿಗೆ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಸಹಾಯಕ. ಮೊದಮೊದಲ ಭೇಟಿಗಳ ನಂತರ ನೆನಪುಗಳು ಕೆಲವು ದಿನ ಹೆಚ್ಚಾದಂತೆ ಕಾಣಬಹುದು. ಹಾಗಾದರೆ ಅರ್ಧಕ್ಕೆ ಬಿಡದೆ ಅವರಿಗೇ ತಿಳಿಸಿ, ಅವರು ವೇಗ ಕಡಿಮೆ ಮಾಡುತ್ತಾರೆ. ಬದುಕೇ ಬೇಡ ಎಂಬ ಯೋಚನೆ ಬಂದರೆ ಮಾತ್ರ ಕಾಯಬಾರದು. ಆ ಕ್ಷಣವೇ ಕರೆ ಮಾಡಬೇಕು, ಇಲ್ಲವೇ ಮನೆಯವರನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಯಜಮಾನರಿಗೆ ಹೇಳಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವರ ಬಗ್ಗೆ ನೀವು ಒಂದೂ ಕಹಿ ಮಾತು ಬರೆದಿಲ್ಲ. ಹೆಗಲು ಮುಟ್ಟಿದಾಗ ನೀವು ಏಕೆ ಬೆಚ್ಚುತ್ತೀರಿ ಎಂಬುದು ತಿಳಿಯದೆ ಅವರೂ ಒಳಗೊಳಗೇ ಏನೇನೋ ಅಂದುಕೊಳ್ಳುತ್ತಿರಬಹುದು. ಎಲ್ಲವನ್ನೂ ಹೇಳಬೇಕಾಗಿಲ್ಲ. ಮಗಳು ಮಲಗಿದ ಮೇಲೆ, ಅವರು ಊಟ ಮುಗಿಸಿ ಕುಳಿತಿರುವಾಗ, ‘ಚಿಕ್ಕವಳಿದ್ದಾಗ ನನಗೆ ಒಬ್ಬರಿಂದ ಕೆಟ್ಟದ್ದಾಗಿತ್ತು. ಈಗ ಅದು ಕಾಡುತ್ತಿದೆ, ಡಾಕ್ಟರನ್ನು ನೋಡಬೇಕು. ಯಾರು, ಏನು ಎಂದು ಈಗ ಕೇಳಬೇಡಿ, ಜೊತೆಗೆ ಬನ್ನಿ, ಸಾಕು’ ಎನ್ನಿ. ಯಾವಾಗ ಎಷ್ಟು ಹೇಳಬೇಕೆಂಬುದು ನಿಮ್ಮ ಕೈಯಲ್ಲಿರಲಿ. ಅಂದು ನಿಮ್ಮಿಂದ ಕಸಿದುಕೊಂಡದ್ದು ಅದನ್ನೇ ಅಲ್ಲವೇ?

ನಿಮ್ಮ ತಾಯಿಯ ಮಾತನ್ನು ಓದಿ ನನಗೆ ಬಹಳ ಹೊತ್ತು ಸಂಕಟವಾಯಿತು. ಅವರು ‘ಸುಳ್ಳು’ ಎನ್ನಲಿಲ್ಲ, ಗಮನಿಸಿದ್ದೀರಾ? ತವರಿನ ಬಾಗಿಲು ಮುಚ್ಚುತ್ತದೆ ಎಂದರು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರ ಮನೆ ಎಂದರೇನೆಂದು ನನಗೆ ಗೊತ್ತು, ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಭಯಕ್ಕೆ ಬೆಲೆ ತೆರಬೇಕಾದವರು ನೀವಲ್ಲ. ಸದ್ಯ ಅವರನ್ನು ಒಪ್ಪಿಸಲು ಹೋಗಬೇಡಿ. ನಿಮ್ಮಲ್ಲಿರುವ ಸ್ವಲ್ಪ ಶಕ್ತಿ ಅಲ್ಲಿಯೇ ಖರ್ಚಾಗುತ್ತದೆ.

ಮದುವೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ: ಈ ಸಲ ಹೋಗಬೇಡಿ. ಮೈ ಸರಿಯಿಲ್ಲ ಎಂದರೆ ಅದು ಸುಳ್ಳೂ ಅಲ್ಲ. ಮುಂದೆಂದಾದರೂ ಹೋಗಲೇಬೇಕಾದ ಸಂದರ್ಭ ಬಂದರೆ ಯಜಮಾನರು ಪಕ್ಕದಲ್ಲಿರಲಿ, ಹಿಂದಿರುಗುವ ಬಸ್ಸು ಕಾರು ಮೊದಲೇ ಗೊತ್ತಿರಲಿ, ರಾತ್ರಿ ತಂಗುವುದು ಬೇಡ. ಕಾಲಿಗೆ ನಮಸ್ಕರಿಸದೆ ದೂರದಿಂದಲೇ ಕೈ ಮುಗಿದು ಸರಿದರೆ ಆಕಾಶ ಕಳಚಿ ಬೀಳುವುದಿಲ್ಲ. ಅದನ್ನೂ ಮಾಡದಿರುವ ಹಕ್ಕು ನಿಮಗಿದೆ.

ಆದರೆ ಮಗಳ ವಿಷಯದಲ್ಲಿ ಮುಲಾಜಿಗೆ ಎಡೆಯಿಲ್ಲ. ಆಕೆ ಆ ಮನೆಯಲ್ಲಿ ಒಂದು ಗಳಿಗೆಯೂ ಒಂಟಿಯಾಗಿ ಇರಬಾರದು. ಟ್ಯೂಷನ್ನಿಗೆ ಮಾತ್ರ ನಿಧಾನವಾಗಿ ಕಳಿಸಲು ಆರಂಭಿಸಿ; ಮೊದಲ ವಾರ ನೀವೇ ಬಾಗಿಲವರೆಗೆ ಬಿಟ್ಟು ಬನ್ನಿ. ‘ನಿನ್ನ ಮೈ ನಿನ್ನದು. ಮುಟ್ಟಿದ್ದು ಇಷ್ಟವಾಗದಿದ್ದರೆ, ಅದು ಮಾವನೇ ಆಗಲಿ ಮೇಷ್ಟ್ರೇ ಆಗಲಿ, ಬೇಡ ಎನ್ನು, ನನಗೆ ಬಂದು ಹೇಳು, ನಾನು ನಿನ್ನನ್ನು ಬೈಯುವುದಿಲ್ಲ’ ಎಂದು ಸಹಜವಾಗಿ, ತಲೆ ಬಾಚುವಾಗಲೋ ಜಡೆ ಹಾಕುವಾಗಲೋ ಹೇಳಿ. ನಿಮ್ಮ ಕಥೆಯನ್ನು ಆಕೆಗೆ ಈಗ ಹೇಳಬೇಕಾಗಿಲ್ಲ. ಆ ಮಾವನ ಹತ್ತಿರ ಇಂದು ಬೇರೆ ಮಕ್ಕಳು ಓಡಾಡುತ್ತಿದ್ದು, ಅವರಿಗೆ ಅಪಾಯವಿದೆ ಎಂದು ನಿಮಗೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು. ಮಗುವಿನ ಮೇಲೆ ಇಂಥ ಅಪರಾಧ ನಡೆದದ್ದು ತಿಳಿದರೆ, ನಡೆಯಬಹುದೆಂಬ ಆತಂಕವಿದ್ದರೂ ಕೂಡ, ಪೊಲೀಸರಿಗೆ ತಿಳಿಸಬೇಕೆಂದು ಪೋಕ್ಸೊ ಕಾಯ್ದೆ ಹೇಳುತ್ತದೆ.

ನಿಮ್ಮ ಪ್ರಕರಣಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ, ಅದು ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಅದಕ್ಕೆ ಹಿಂದಿನ ಕೃತ್ಯಗಳನ್ನು ಹಳೆಯ ಭಾರತೀಯ ದಂಡ ಸಂಹಿತೆಯಂತೆ ನೋಡುತ್ತಾರೆ. ಅತ್ಯಾಚಾರದಂಥ ಗಂಭೀರ ಅಪರಾಧಕ್ಕೆ ಕಾಲಮಿತಿಯಿಲ್ಲ, ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಇದೆ. ನಿಮ್ಮದು ಯಾವುದರಡಿ ಬರುತ್ತದೆ ಎಂದು ತಿಳಿಯಬೇಕೆನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ದೂರು ಕೊಡುವುದೂ ಬಿಡುವುದೂ ನಿಮ್ಮ ತೀರ್ಮಾನ. ನಿದ್ದೆಗೆಟ್ಟ ಈ ವಾರಗಳಲ್ಲಿ ಅದನ್ನು ತೀರ್ಮಾನಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯವನು, ವಯಸ್ಸು ನಲವತ್ತೇಳು, ಗಂಡಸು. ಓದುವಾಗ ಹಾಸ್ಟೆಲಿನಲ್ಲಿ ನಮ್ಮನ್ನು ನೋಡಿಕೊಳ್ಳಬೇಕಾದವರೇ ನನ್ನನ್ನು ಹಾಳು ಮಾಡಿದರು. ಈಗ ನನ್ನ ಮಗನನ್ನು ಹಾಸ್ಟೆಲಿಗೆ ಸೇರಿಸುವ ಮಾತು ಬಂದಾಗಿನಿಂದ ಎಲ್ಲ ನೆನಪಾಗಿ ದಿನಾ ರಾತ್ರಿ ಕುಡಿಯುತ್ತಿದ್ದೇನೆ. ಗಂಡಸಿಗೆ ಹೀಗಾಯಿತು ಎಂದು ಯಾರಿಗೆ ಹೇಳಲಿ? ಆಗ ನನ್ನ ಮೈ ಒಪ್ಪಿದಂತೆ ಇತ್ತು ಎಂಬುದೇ ನನ್ನನ್ನು ಕೊಲ್ಲುತ್ತಿದೆ.

ಉತ್ತರ: ಸಹೋದರರೇ, ಕೊನೆಯ ವಾಕ್ಯವನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ಊಹಿಸಬಲ್ಲೆ, ಅದಕ್ಕೇ ಅಲ್ಲಿಂದಲೇ ಆರಂಭಿಸುತ್ತೇನೆ. ಮುಟ್ಟಿದಾಗ ಮೈ ಸ್ಪಂದಿಸುವುದು ನರಗಳ ಕೆಲಸ. ಈರುಳ್ಳಿ ಹೆಚ್ಚಿದಾಗ ಕಣ್ಣೀರು ಬಂದದ್ದಕ್ಕೆ ದುಃಖವಾಗಿದೆ ಎಂದು ಅರ್ಥವಲ್ಲ, ಇದೂ ಹಾಗೆಯೇ. ಅದು ಒಪ್ಪಿಗೆಯಲ್ಲ. ಒಪ್ಪಿಗೆ ಕೊಡುವ ವಯಸ್ಸೂ ನಿಮ್ಮದಾಗಿರಲಿಲ್ಲ, ಬೇಡವೆನ್ನುವ ಅಧಿಕಾರವೂ ನಿಮಗಿರಲಿಲ್ಲ. ಇಂಥದ್ದನ್ನು ಅನುಭವಿಸಿದ ಅನೇಕರು ಇದೊಂದು ನಾಚಿಕೆಯಿಂದಲೇ ಜೀವನವಿಡೀ ಬಾಯಿ ಬಿಡುವುದಿಲ್ಲ.

ನೀವು ಒಬ್ಬರೇ ಅಲ್ಲ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಹಾಗೆ ಹೇಳಿಕೊಂಡವರಲ್ಲಿ ಹುಡುಗಿಯರಿಗಿಂತ ಹುಡುಗರೇ ತುಸು ಹೆಚ್ಚು. ಪೋಕ್ಸೊ ಕಾಯ್ದೆ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಹದಿನೆಂಟರೊಳಗಿನ ಎಲ್ಲ ಮಕ್ಕಳನ್ನೂ ಕಾಪಾಡುವಂತೆ ರೂಪುಗೊಂಡದ್ದರ ಹಿಂದೆ ಇಂಥ ಸತ್ಯಗಳಿವೆ.

ಕುಡಿತ ಅರ್ಧ ಗಂಟೆ ನೆನಪನ್ನು ಮಂಕು ಮಾಡಿ, ನಡುರಾತ್ರಿ ನಶೆ ಇಳಿದಾಗ ಅದನ್ನು ಹೆಚ್ಚು ಹರಿತವಾಗಿ ತಂದು ನಿಲ್ಲಿಸುತ್ತದೆ, ಇದನ್ನು ನೀವು ಈಗಾಗಲೇ ಕಂಡಿರುತ್ತೀರಿ. ಆದರೂ ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸ್‌ನಂಥ ಅಪಾಯ ಬರಬಹುದು. ಆದ್ದರಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಂಡು ಕುಡಿತ, ನೆನಪು ಎರಡನ್ನೂ ಒಟ್ಟಿಗೆ ಹೇಳಿ. ಒಂದನ್ನು ಮುಚ್ಚಿಟ್ಟು ಇನ್ನೊಂದಕ್ಕೆ ಔಷಧ ತಂದರೆ ಉಪಯೋಗವಾಗುವುದಿಲ್ಲ. ಮಗನ ಹಾಸ್ಟೆಲಿನ ತೀರ್ಮಾನವನ್ನು ಎರಡು ಮೂರು ತಿಂಗಳು ಮುಂದೂಡಲು ಸಾಧ್ಯವಾದರೆ ಮುಂದೂಡಿ. ಸೇರಿಸಲೇಬೇಕಾದರೆ ನೀವೇ ಹೋಗಿ ಮಲಗುವ ಕೋಣೆ, ಸ್ನಾನದ ಮನೆ ನೋಡಿ; ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ, ದೂರು ಬಂದರೆ ಏನು ಮಾಡುತ್ತಾರೆ, ಮನೆಗೆ ಫೋನ್ ಮಾಡಲು ಹುಡುಗನಿಗೆ ಯಾವಾಗ ಬಿಡುತ್ತಾರೆ ಎಂದು ಕೇಳಿ. ಈ ಪ್ರಶ್ನೆಗಳಿಗೆ ಸಿಡುಕುವವರ ಕೈಗೆ ಮಗನನ್ನು ಒಪ್ಪಿಸಬೇಡಿ. ನಿಮಗಾಗಿ ಅಂದು ಯಾರೂ ಕೇಳದ ಪ್ರಶ್ನೆಗಳಿವು.

ಪ್ರಶ್ನೆ: ನನ್ನ ಆಪ್ತ ಗೆಳತಿ ತನ್ನ ಬಾಲ್ಯದಲ್ಲಿ ನಡೆದ ಇಂಥದೇ ಸಂಗತಿಯನ್ನು ನನ್ನ ಮುಂದೆ ಹೇಳಿಕೊಂಡು ಅತ್ತಳು. ನನಗೆ ಬಾಯಿ ಕಟ್ಟಿತು. ‘ಬಿಡು, ಮರೆತುಬಿಡು’ ಎಂದುಬಿಟ್ಟೆ. ಅಂದಿನಿಂದ ಆಕೆ ಫೋನ್ ಮಾಡಿಲ್ಲ. ಏನು ಮಾಡಲಿ? (ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಇವತ್ತೇ ನೀನಾಗಿ ಫೋನ್ ಮಾಡಮ್ಮ. ‘ಅವತ್ತು ಏನು ಹೇಳಬೇಕೋ ತಿಳಿಯದೆ ಮರೆತುಬಿಡು ಅಂದೆ, ಅದು ತಪ್ಪಾಯಿತು. ನೀನು ಹೇಳಿದ್ದನ್ನು ನಾನು ನಂಬುತ್ತೇನೆ. ಅದರಲ್ಲಿ ನಿನ್ನ ತಪ್ಪಿಲ್ಲ’ ಎನ್ನು. ಏಕೆ ಆಗ ಹೇಳಲಿಲ್ಲ, ಯಾರು, ಎಲ್ಲಿ ಎಂದು ಕೇಳಬೇಡ. ಆಕೆ ಎಷ್ಟು ಹೇಳಿದರೆ ಅಷ್ಟು ಕೇಳಿಸಿಕೋ. ಇದನ್ನು ಬೇರೆ ಗೆಳತಿಯರ ಮುಂದೆ, ಒಳ್ಳೆಯ ಉದ್ದೇಶದಿಂದಲೂ, ಬಾಯಿ ಬಿಡಬೇಡ. ಆಕೆಗೆ ಇನ್ನೂ ಹದಿನೆಂಟು ತುಂಬಿಲ್ಲ ಅಥವಾ ಈಗಲೂ ಆಕೆಗೆ ತೊಂದರೆ ನಡೆಯುತ್ತಿದೆ ಎಂದಾದರೆ ಮಾತ್ರ ನಂಬಿಕೆಯ ಹಿರಿಯರೊಬ್ಬರಿಗೆ ಅಥವಾ 1098ಕ್ಕೆ ತಿಳಿಸಲೇಬೇಕು, ಅದನ್ನೂ ಆಕೆಗೆ ಹೇಳಿಯೇ ಮಾಡು. ಆಸ್ಪತ್ರೆಗೆ ಹೋಗಲು ಆಕೆ ಒಪ್ಪಿದರೆ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತಿರು. ಒಳಗೆ ಎಷ್ಟು ಹೊತ್ತಾದರೂ ಎದ್ದು ಬರಬೇಡ.